ಕಿರಿದಾದ ಕಾದಂಬರಿಗೆ ಚಿತ್ರ ಬರೆಯುವವರಿಗೆ: ಯಶಸ್ಸಿನ ಹದಿನೈದು ಸೂತ್ರಗಳು

ನಾನೂರು ಪುಟದ ಕಾದಂಬರಿಯನ್ನು ಮಕ್ಕಳಿಗಾಗಿ ತೊಂಬತ್ತಾರು ಪುಟಕ್ಕೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ವರ್ಣನೆಗೆ. ಕಥೆ ಉಳಿಯುತ್ತದೆ. ಮಂಜು, ಮಳೆ, ಕೋಣೆಯ ಕತ್ತಲು, ಹರಿದ ಅಂಗಿ, ಬೀದಿಯ ಕೆಸರು ಹೋಗುತ್ತವೆ. ಯಾರು ಏನು ಮಾಡಿದರು ಎಂಬುದು ಹತ್ತು ವರ್ಷದ ಓದುಗರಿಗೆ ಸಿಗುತ್ತದೆ; ಎಲ್ಲಿ, ಎಂಥ ಚಳಿಯಲ್ಲಿ, ಯಾವ ಬಟ್ಟೆ ತೊಟ್ಟು ಮಾಡಿದರು ಎಂಬುದು ಸಿಗುವುದಿಲ್ಲ. ಹಾಗೆ ಹೋದದ್ದನ್ನು ಮರಳಿ ತರುವ ಹೊಣೆ ಚಿತ್ರಕಾರರದು. ಪೂರ್ಣ ಕಾದಂಬರಿಯಲ್ಲಿ ಚಿತ್ರ ಇಲ್ಲದಿದ್ದರೂ ನಡೆದೀತು. ಸಂಗ್ರಹ ರೂಪದಲ್ಲಿ ಚಿತ್ರವೇ ಅರ್ಧ ಪಠ್ಯ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ಇಲ್ಲಿ ಕೆಲವು ಸೂತ್ರಗಳಿವೆ.

1. ಮೂಲವನ್ನು ಪೂರ್ತಿ ಓದಿ

ಪ್ರಕಾಶಕರು ಕಳಿಸಿದ ಸಂಕ್ಷಿಪ್ತ ಪಠ್ಯವನ್ನಷ್ಟೇ ಓದಿ ಪೆನ್ಸಿಲ್ ಹಿಡಿಯಬೇಡಿ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಶುರುವಾಗುವುದು ಜೌಗು ಬಯಲಿನ ಪಕ್ಕದ ಸ್ಮಶಾನದಲ್ಲಿ. ಸೆರೆಯಿಂದ ತಪ್ಪಿಸಿಕೊಂಡ ಮ್ಯಾಗ್ವಿಚ್ ಪುಟ್ಟ ಪಿಪ್‌ನನ್ನು ಹಿಡಿದು ಬೆದರಿಸುತ್ತಾನೆ. ಸಂಗ್ರಹದಲ್ಲಿ ‘ಭಯಂಕರ ಕೈದಿಯೊಬ್ಬ’ ಎಂಬಷ್ಟೇ ಉಳಿದಿರಬಹುದು. ಮೂಲದಲ್ಲಿ ಅವನ ಕಾಲಿಗೆ ಕಬ್ಬಿಣದ ಬೇಡಿಯಿದೆ. ತಲೆಗೆ ಟೋಪಿಯಿಲ್ಲ, ಹಳೆಯ ಚಿಂದಿ ಸುತ್ತಿಕೊಂಡಿದ್ದಾನೆ. ಬೂಟು ಕಿತ್ತುಹೋಗಿದೆ. ನೀರಲ್ಲಿ ನೆನೆದು, ಮೈಗೆಲ್ಲ ಕೆಸರು ಮೆತ್ತಿಕೊಂಡು, ಕಲ್ಲು ತಾಗಿ ಕುಂಟುತ್ತ, ತುರಿಕೆಗಿಡ ಸೋಕಿ, ಮುಳ್ಳು ಗೀರಿ ನಡುಗುತ್ತಿದ್ದಾನೆ. ಇದನ್ನು ಓದಿದ ಚಿತ್ರಕಾರರು ಅವನ ಕ್ರೌರ್ಯಕ್ಕಿಂತ ಮೊದಲು ಅವನ ಚಳಿಯನ್ನೂ ಹಸಿವನ್ನೂ ಬರೆಯುತ್ತಾರೆ. ಮುಂದೆ ಇದೇ ಮನುಷ್ಯನ ಮೇಲೆ ಮಗುವಿಗೆ ಕರುಣೆ ಹುಟ್ಟಬೇಕಾಗಿದೆ. ಅದಕ್ಕೆ ಕಾರಣ ಮೊದಲ ಚಿತ್ರದಲ್ಲೇ ಕಾಣಬೇಕು.

ಹಳೆಯ ಇಂಗ್ಲಿಷ್ ಕಾದಂಬರಿಗಳ ಪೂರ್ಣ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓದಲು ವಾರ ಹಿಡಿದರೂ ಹಿಡಿಯಲಿ.

2. ಕತ್ತರಿ ಬಿದ್ದದ್ದರ ಪಟ್ಟಿ ಮಾಡಿ

ಮೂಲವನ್ನೂ ಸಂಗ್ರಹವನ್ನೂ ಅಕ್ಕಪಕ್ಕ ಇಟ್ಟು, ಏನೇನು ಹೋಗಿದೆ ಎಂದು ಬರೆದುಕೊಳ್ಳಿ. ಅದರಲ್ಲಿ ಕಣ್ಣಿಗೆ ಕಾಣುವಂಥದ್ದಕ್ಕೆ ಗುರುತು ಹಾಕಿ. ನಿಮ್ಮ ಕೆಲಸದ ಪಟ್ಟಿ ಅದೇ.

‘ಆಲಿವರ್ ಟ್ವಿಸ್ಟ್’ನಲ್ಲಿ ಹುಡುಗ ಇನ್ನಷ್ಟು ಗಂಜಿ ಕೇಳುವ ಪ್ರಸಂಗ ಯಾವ ಸಂಗ್ರಹದಲ್ಲೂ ತಪ್ಪುವುದಿಲ್ಲ. ಆದರೆ ಅದರ ಸುತ್ತಲಿನ ವಿವರ ತಪ್ಪುತ್ತದೆ. ಬಡವರ ದುಡಿಮೆಮನೆಯ ಹುಡುಗರು ಚಮಚದಿಂದ ಕೆರೆದು ಕೆರೆದು ಬಟ್ಟಲು ಹೊಳೆಯುವಂತೆ ಮಾಡುತ್ತಿದ್ದರು, ಹಾಗಾಗಿ ಅವನ್ನು ತೊಳೆಯಬೇಕಾಗಿಯೇ ಇರಲಿಲ್ಲ ಎನ್ನುತ್ತಾನೆ ಡಿಕನ್ಸ್. ಕೇಳುವ ಸರದಿ ಆಲಿವರ್‌ಗೆ ಬಂದದ್ದು ಅವನ ಧೈರ್ಯದಿಂದಲ್ಲ, ಹುಡುಗರೆಲ್ಲ ಚೀಟಿ ಎತ್ತಿದ್ದರಿಂದ. ಬಡಿಸುವವನು ದಪ್ಪನೆಯ, ಆರೋಗ್ಯವಂತ ಮನುಷ್ಯ. 1837ರಿಂದ 1839ರವರೆಗೆ ಮಾಸಪತ್ರಿಕೆಯಲ್ಲಿ ಈ ಕಾದಂಬರಿ ಬರುತ್ತಿದ್ದಾಗ ಜಾರ್ಜ್ ಕ್ರುಯಿಕ್‌ಶ್ಯಾಂಕ್ 24 ಎಚ್ಚಣೆ ಚಿತ್ರಗಳನ್ನು ಬರೆದ. ಈ ಪ್ರಸಂಗದ ಅವನ ಚಿತ್ರದಲ್ಲಿ ಆಲಿವರ್ ಒಬ್ಬನೇ ಇಲ್ಲ. ಹಿಂದೆ ಕೆನ್ನೆ ಗುಳಿಬಿದ್ದ ಹುಡುಗರ ಸಾಲಿದೆ. ಪಠ್ಯದಿಂದ ಆ ಸಾಲು ಮಾಯವಾಗಿದ್ದರೆ ನಿಮ್ಮ ಚಿತ್ರದಲ್ಲಿ ಅದು ಇರಲೇಬೇಕು. ಇಲ್ಲದಿದ್ದರೆ ಆಲಿವರ್ ಆಸೆಬುರುಕ ಹುಡುಗನಾಗಿ ಬಿಡುತ್ತಾನೆ.

3. ಸಿನಿಮಾವನ್ನೂ ಹಳೆಯ ಮುಖಪುಟಗಳನ್ನೂ ಪಕ್ಕಕ್ಕಿಡಿ

ಇದು ಎಲ್ಲಕ್ಕಿಂತ ಕಷ್ಟದ ಸೂತ್ರ. ಪ್ರಸಿದ್ಧ ಪಾತ್ರಗಳು ಓದುವ ಮೊದಲೇ ನಮ್ಮ ಕಣ್ಣಲ್ಲಿ ಕೂತುಬಿಟ್ಟಿರುತ್ತವೆ, ಅದೂ ತಪ್ಪಾಗಿ.

ಜೂಲ್ಸ್ ವರ್ನ್‌ನ ‘ಎಂಬತ್ತು ದಿನಗಳಲ್ಲಿ ಭೂ ಪ್ರದಕ್ಷಿಣೆ’ ಪುಸ್ತಕಗಳ ಮುಖಪುಟದಲ್ಲಿ ಎಷ್ಟೋ ಸಲ ಬಣ್ಣಬಣ್ಣದ ಬಲೂನ್ ಇರುತ್ತದೆ. ಇಡೀ ಕಾದಂಬರಿಯಲ್ಲಿ ನಾಯಕ ಫಾಗ್ ಬಲೂನ್ ಹತ್ತುವುದೇ ಇಲ್ಲ. ರೈಲು, ಹಡಗು, ಆನೆ, ಹಾಯಿ ಕಟ್ಟಿದ ಹಿಮಗಾಡಿ ಇವೆ. ಬಲೂನ್ ಜನರ ಮನಸ್ಸಿಗೆ ಹತ್ತಿದ್ದು 1956ರ ಸಿನಿಮಾದಿಂದ. ‘ಟ್ರೆಷರ್ ಐಲ್ಯಾಂಡ್’ನ ಲಾಂಗ್ ಜಾನ್ ಸಿಲ್ವರ್‌ಗೆ ಮರದ ಕಾಲು ಬರೆಯುವವರು ಬಹಳ. ಸ್ಟೀವನ್‌ಸನ್ ಬರೆದಿರುವುದು ಸೊಂಟದ ಹತ್ತಿರಕ್ಕೇ ಕತ್ತರಿಸಿದ ಎಡಗಾಲು, ಎಡ ಕಂಕುಳಲ್ಲಿ ಊರುಗೋಲು. ಮರದ ಕಾಲಿನ ಮನುಷ್ಯ ಕುಂಟುತ್ತಾನೆ. ಊರುಗೋಲಿನ ಸಿಲ್ವರ್ ಹಕ್ಕಿಯಂತೆ ಕುಪ್ಪಳಿಸುತ್ತಾನೆ, ಬೇಕೆಂದಾಗ ಅದೇ ಕೋಲನ್ನು ಆಯುಧವಾಗಿ ಬೀಸಿ ಎಸೆಯುತ್ತಾನೆ. ಅವನ ಚುರುಕೂ ಅಪಾಯವೂ ಇರುವುದು ಆ ಕೋಲಿನಲ್ಲೇ.

1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನ ಜೀವಿಗೆ ಕುತ್ತಿಗೆಯಲ್ಲಿ ಬೋಲ್ಟ್ ಇಲ್ಲ. ಅದು 1931ರ ಚಲನಚಿತ್ರದ ಅಲಂಕಾರ. ಕಾದಂಬರಿಯಲ್ಲಿ ಅವನು ಎಂಟಡಿ ಎತ್ತರ, ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು. ಬಿಡಿಬಿಡಿಯಾಗಿ ಚೆಂದ, ಒಟ್ಟಾಗಿ ಘೋರ. ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಇನ್ನು ರಾಬಿನ್‌ಸನ್ ಕ್ರೂಸೋ. ಎದೆಯವರೆಗೆ ಇಳಿದ ಗಡ್ಡವಿಲ್ಲದ ಕ್ರೂಸೋನನ್ನು ನೋಡಿದವರು ಕಡಿಮೆ. ಆದರೆ ಡೆಫೋ ಪ್ರಕಾರ ಅವನ ಬಳಿ ಕತ್ತರಿಯೂ ಕ್ಷೌರದ ಕತ್ತಿಯೂ ಇದ್ದವು. ಗಡ್ಡ ಮೋಟಾಗಿ ಕತ್ತರಿಸಿ, ಮೀಸೆಯನ್ನು ಮಾತ್ರ ತುರ್ಕರಂತೆ ದೊಡ್ಡದಾಗಿ ಬಿಟ್ಟಿದ್ದ. ನಿರ್ಜನ ದ್ವೀಪದಲ್ಲಿ, ನೋಡುವವರಿಲ್ಲದ ಕಡೆ, ಒಬ್ಬ ಮನುಷ್ಯ ಮೀಸೆ ತಿದ್ದಿಕೊಳ್ಳುತ್ತಾನೆ ಎಂಬುದೇ ಅವನ ಸ್ವಭಾವದ ಅರ್ಧ ಕಥೆ. ಸಂಗ್ರಹದಲ್ಲಿ ಆ ಸಾಲು ಉಳಿಯದಿದ್ದರೆ ನಿಮ್ಮ ಕುಂಚ ಉಳಿಸಲಿ.

‘ಹೈಡಿ’ ಕಾದಂಬರಿಯ ಹುಡುಗಿಯ ಕೂದಲೂ ಹಾಗೆಯೇ. ಹೊಂಬಣ್ಣದ ಎರಡು ಜಡೆಯಲ್ಲ, ಕಪ್ಪು ಗುಂಗುರು ಕೂದಲು.

4. ಕಥೆಯ ತುದಿಯಲ್ಲಿರುವ ಕ್ಷಣ ಹುಡುಕಿ

ಕತ್ತಿ ಬೀಸಿದ ಕ್ಷಣ, ಗುಂಡು ಹಾರಿದ ಕ್ಷಣ ಪಠ್ಯದಲ್ಲೇ ಗಟ್ಟಿಯಾಗಿರುತ್ತದೆ. ಅದನ್ನೇ ಮತ್ತೆ ಬರೆದರೆ ಹೇಳಿದ್ದನ್ನೇ ಹೇಳಿದಂತೆ. ಹೊಡೆತಕ್ಕೆ ಸ್ವಲ್ಪ ಮುಂಚಿನ ಅಥವಾ ಸ್ವಲ್ಪ ಆಮೇಲಿನ ಕ್ಷಣದಲ್ಲಿ ಚಿತ್ರಕ್ಕೆ ಜಾಗವಿರುತ್ತದೆ.

ಈ ಪಾಠ ಕಲಿಯಲು ಎನ್. ಸಿ. ವೈಯತ್‌ಗಿಂತ ಒಳ್ಳೆಯ ಗುರುವಿಲ್ಲ. ಅಮೆರಿಕದ ಸ್ಕ್ರಿಬ್ನರ್ಸ್ ಪ್ರಕಾಶನಕ್ಕಾಗಿ 1911ರಲ್ಲಿ ಅವನು ‘ಟ್ರೆಷರ್ ಐಲ್ಯಾಂಡ್’ಗೆ ದೊಡ್ಡ ದೊಡ್ಡ ತೈಲಚಿತ್ರಗಳನ್ನು ಬರೆದ. ಕಥೆ ಹೇಳುವ ಹುಡುಗ ಜಿಮ್ ಮನೆ ಬಿಡುವ ಪ್ರಸಂಗವನ್ನು ಸ್ಟೀವನ್‌ಸನ್ ಒಂದೇ ಸಾಲಿನಲ್ಲಿ ಮುಗಿಸುತ್ತಾನೆ: ತಾಯಿಗೂ ಊರಿಗೂ ವಿದಾಯ ಹೇಳಿದೆ, ಅಷ್ಟೆ. ವೈಯತ್ ಆ ಸಾಲಿನ ಹತ್ತಿರ ನಿಂತುಬಿಟ್ಟ. ಮುಂದೆ ಗಂಟು ಹಿಡಿದ ಹುಡುಗ, ಹಿಂದೆ ಮನೆಯ ಬಳಿ ಮುಖ ಮುಚ್ಚಿಕೊಂಡು ಅಳುವ ತಾಯಿ. ಅಳು ಪಠ್ಯದಲ್ಲಿಲ್ಲ, ಆದರೆ ಅದಕ್ಕೆ ವಿರುದ್ಧವಾದದ್ದೂ ಪಠ್ಯದಲ್ಲಿಲ್ಲ. ಕುರುಡ ಪ್ಯೂನನ್ನು ಅವನು ಬರೆದಿರುವುದು ಜತೆಗಾರರೆಲ್ಲ ಓಡಿಹೋದ ಮೇಲೆ, ಬೆಳುದಿಂಗಳಲ್ಲಿ ಒಂಟಿಯಾಗಿ ಕೋಲು ಚಾಚಿ ತಡಕಾಡುವಾಗ. ನೋಡುವ ಮಗುವಿಗೆ ಭಯವೂ ಆಗುತ್ತದೆ, ಪಾಪವೂ ಅನಿಸುತ್ತದೆ.

ಲೇಖಕ ಅವಸರದಲ್ಲಿ ದಾಟಿದ ಕಡೆ ಚಿತ್ರಕಾರ ನಿಲ್ಲಬಹುದು. ಸಂಗ್ರಹಗಳಲ್ಲಂತೂ ಪುಟಪುಟಕ್ಕೂ ಅವಸರ.

5. ಗುಟ್ಟು ಒಡೆಯಬೇಡಿ

ಮಕ್ಕಳು ಪುಸ್ತಕ ಕೈಗೆ ಬಂದ ತಕ್ಷಣ ಓದುವುದಿಲ್ಲ. ಮೊದಲು ಚಿತ್ರಗಳನ್ನೆಲ್ಲ ತಿರುವಿ ಹಾಕುತ್ತಾರೆ. ಕೊನೆಯ ಗುಟ್ಟು ಚಿತ್ರದಲ್ಲೇ ಬಯಲಾದರೆ ಓದುವ ಉಸಾಬರಿ ಯಾಕೆ ಎನ್ನುತ್ತಾರೆ. ಸ್ಟೀವನ್‌ಸನ್‌ನ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ 1886ರಲ್ಲಿ ಬಂದಾಗ ಓದುಗರಿಗೆ ಇಬ್ಬರೂ ಒಬ್ಬನೇ ಎಂದು ತಿಳಿದಿರಲಿಲ್ಲ. ಕಥೆಯ ಕೊನೆಯವರೆಗೂ ಅದು ಒಂದು ಪತ್ತೇದಾರಿಯಂತೆ ಸಾಗುತ್ತದೆ. ಇಂದಿನ ಮುಖಪುಟಗಳು ಅರ್ಧ ಸೌಮ್ಯ, ಅರ್ಧ ರಾಕ್ಷಸ ಮುಖ ಬರೆದು ಪುಸ್ತಕ ತೆರೆಯುವ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತವೆ. ದೊಡ್ಡವರಿಗೆ ಗುಟ್ಟು ಗೊತ್ತಿರಬಹುದು. ಹತ್ತು ವರ್ಷದ ಹುಡುಗಿಗೆ ಗೊತ್ತಿಲ್ಲ, ಆ ಸುಖ ಅವಳ ಹಕ್ಕು. ಹೈಡ್‌ನ ಬೆನ್ನು ಬರೆಯಿರಿ, ಅವನು ತೂರಿಹೋಗುವ ಮಾಸಿದ ಬಾಗಿಲು ಬರೆಯಿರಿ.

ಎಲ್ಲ ಕರಡು ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಕಥೆ ಗೊತ್ತಿಲ್ಲದ ಒಬ್ಬರನ್ನು ಕರೆದು, ‘ಕೊನೆಗೇನಾಗುತ್ತದೆ?’ ಎಂದು ಕೇಳಿ. ಸರಿಯಾಗಿ ಹೇಳಿದರೆ ಒಂದು ಚಿತ್ರ ಬದಲಾಯಿಸಬೇಕು.

6. ಪುಟ ಲೆಕ್ಕ ಹಾಕಿಯೇ ಕೂರಿ

ಹದಿನಾರು ಪುಟದ ಆರು ಫಾರಂ ಎಂದರೆ ತೊಂಬತ್ತಾರು ಪುಟ. ಪುಟ ತುಂಬುವ ಹನ್ನೆರಡು ಚಿತ್ರಗಳೆಂದರೆ ಸರಾಸರಿ ಎಂಟು ಪುಟಕ್ಕೊಂದು. ಆದರೆ ಎಂಟೆಂಟಕ್ಕೆ ಒಂದರಂತೆ ಸಮನಾಗಿ ಹಂಚಬೇಡಿ. ಮೊದಲ ಹದಿನಾರು ಪುಟದಲ್ಲಿ ಮೂರಾದರೂ ಇರಲಿ, ಏಕೆಂದರೆ ಪರದೇಶದ, ಪರಕಾಲದ ಲೋಕಕ್ಕೆ ಮಗು ಕಾಲಿಡುವುದು ಅಲ್ಲಿ. ಕಥೆ ಓಟ ಹಿಡಿದ ಮೇಲೆ ಚಿತ್ರ ಕಡಿಮೆಯಾದರೂ ಓದು ನಿಲ್ಲುವುದಿಲ್ಲ.

7. ಪುಟ ತಿರುಗಿಸುವ ಕೈಯನ್ನು ಬಳಸಿಕೊಳ್ಳಿ

1871ರ ‘ಥ್ರೂ ದ ಲುಕಿಂಗ್ ಗ್ಲಾಸ್’ನಲ್ಲಿ ಜಾನ್ ಟೆನಿಯಲ್ ಮಾಡಿದ ಒಂದು ಕೆಲಸವನ್ನು ಪ್ರತಿಯೊಬ್ಬ ಚಿತ್ರಕಾರರೂ ನೋಡಬೇಕು. ಆಲಿಸ್ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆ ಹತ್ತಿ ಕನ್ನಡಿಯೊಳಕ್ಕೆ ನುಗ್ಗುವ ಚಿತ್ರ ಹಾಳೆಯ ಒಂದು ಮಗ್ಗುಲಲ್ಲಿದೆ. ಅವಳು ಆಚೆ ಬದಿಯಿಂದ ಹೊರಬರುವ ಚಿತ್ರ ಅದೇ ಹಾಳೆಯ ಹಿಂಬದಿಯಲ್ಲಿದೆ. ಹಾಳೆಯೇ ಕನ್ನಡಿ. ಪುಟ ತಿರುಗಿಸಿದ ಮಗು ಆಲಿಸ್‌ಳ ಜತೆ ತಾನೂ ದಾಟುತ್ತದೆ. ಎಷ್ಟೋ ಮರುಮುದ್ರಣಗಳಲ್ಲಿ ಈ ಎರಡು ಚಿತ್ರಗಳನ್ನು ಎದುರುಬದುರು ಹಾಕಿ ಆ ಮಾಯೆಯನ್ನು ಕೊಂದಿದ್ದಾರೆ. ಆದ್ದರಿಂದ ಪುಟ ವಿನ್ಯಾಸ ಮಾಡುವವರ ಜತೆ ಮೊದಲ ದಿನವೇ ಕೂತು ಮಾತಾಡಿ. ಚಿತ್ರ ಮುಗಿಸಿ ಕಳಿಸಿದ ಮೇಲೆ ಮಾತಾಡಿದರೆ ತಡವಾಯಿತು.

8. ಅಳತೆಯಲ್ಲಿ ರಾಜಿ ಬೇಡ

‘ಗಲಿವರ್’ನಲ್ಲಿ ಸ್ವಿಫ್ಟ್ ಲೆಕ್ಕ ತಪ್ಪುವುದಿಲ್ಲ. ಲಿಲಿಪುಟ್‌ನ ಮನುಷ್ಯರು ಆರಂಗುಲಕ್ಕೂ ಸ್ವಲ್ಪ ಕಡಿಮೆ, ಕುದುರೆಗಳು ನಾಲ್ಕರಿಂದ ಐದಂಗುಲ, ಕುರಿ ಒಂದೂವರೆ ಅಂಗುಲ, ಅತಿ ಎತ್ತರದ ಮರ ಏಳಡಿ. ನಮಗೂ ಅವರಿಗೂ ಹನ್ನೆರಡಕ್ಕೆ ಒಂದರ ಪ್ರಮಾಣ. ಬ್ರಾಬ್‌ಡಿಂಗ್‌ನ್ಯಾಗ್‌ನಲ್ಲಿ ಅದೇ ಲೆಕ್ಕ ತಿರುಗುಮುರುಗು. ಮಗು ಈ ಲೆಕ್ಕವನ್ನು ಬೆರಳಲ್ಲಿ ಅಳೆದು ನೋಡುತ್ತದೆ. ಒಂದು ಚಿತ್ರದಲ್ಲಿ ಗಲಿವರ್‌ನ ಅಂಗೈ ಮೇಲೆ ನಿಂತ ಸೈನಿಕ ಇನ್ನೊಂದರಲ್ಲಿ ಅವನ ಮೊಣಕಾಲಿಗೆ ಬಂದರೆ ಆ ಲೋಕ ಕುಸಿಯುತ್ತದೆ. ರಟ್ಟಿನಲ್ಲಿ ಒಂದು ಆಳು, ಒಂದು ಕುದುರೆ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿಕೊಂಡು, ನಿಮ್ಮದೇ ಬೂಟಿನ ಪಕ್ಕ ಇಟ್ಟು ಬರೆಯಿರಿ. ಗಲಿವರ್‌ನನ್ನು ರಾಜಧಾನಿಗೆ ಎಳೆಯಲು 1,500 ಕುದುರೆ ಬೇಕಾದವು ಎಂದು ಪುಸ್ತಕ ಹೇಳುತ್ತದೆ. ಎಲ್ಲವನ್ನೂ ಬರೆಯಬೇಕಿಲ್ಲ, ಸಾಲು ಪುಟದ ಅಂಚು ದಾಟಿ ಹೋಗಲಿ, ಉಳಿದದ್ದನ್ನು ಮಗು ಎಣಿಸಿಕೊಳ್ಳುತ್ತದೆ.

9. ಪ್ರತಿ ಪಾತ್ರಕ್ಕೂ ಒಂದು ಹಾಳೆ

ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ನಿಂತು, ಕೂತು, ಓಡಿ. ಗುರುತಿನ ಚಿಹ್ನೆಗಳನ್ನು ಅಲ್ಲೇ ಬರೆದಿಡಿ. ‘ಬ್ಲ್ಯಾಕ್ ಬ್ಯೂಟಿ’ಯ ಕುದುರೆಗೆ ಒಂದೇ ಒಂದು ಬಿಳಿ ಕಾಲು, ಹಣೆಯಲ್ಲಿ ಬಿಳಿ ಚುಕ್ಕೆ. ಬರಿಯ ಚೆಂದಕ್ಕಲ್ಲ, ವರ್ಷಗಳಾದ ಮೇಲೆ ಹಳೆಯ ಪರಿಚಯದವರು ಅವನನ್ನು ಗುರುತು ಹಿಡಿಯುವುದು ಅದರಿಂದಲೇ. ‘ಮೋಬಿ ಡಿಕ್’ನ ಕ್ಯಾಪ್ಟನ್ ಏಹ್ಯಾಬ್ ಕಳೆದುಕೊಂಡದ್ದು ಎಡಗಾಲೋ ಬಲಗಾಲೋ ಎಂದು ಮೆಲ್ವಿಲ್ ಹೇಳಿಲ್ಲ. ನೀವು ಒಂದನ್ನು ಆರಿಸಿ, ಕೊನೆಯ ಪುಟದವರೆಗೆ ಅದಕ್ಕೇ ಬದ್ಧರಾಗಿರಿ.

ವಯಸ್ಸನ್ನೂ ಹಾಳೆಗೆ ಹಾಕಿ. ಕ್ರೂಸೋ ದ್ವೀಪದಲ್ಲಿ ಇಪ್ಪತ್ತೆಂಟು ವರ್ಷ ಕಳೆಯುತ್ತಾನೆ. ಸಂಗ್ರಹದಲ್ಲಿ ‘ವರ್ಷಗಳು ಉರುಳಿದವು’ ಎಂದಷ್ಟೇ ಇರುತ್ತದೆ. ಆ ವರ್ಷಗಳು ಅವನ ಮುಖದಲ್ಲಿ, ಕೈಯಲ್ಲಿ, ಆಡಿನ ಚರ್ಮದ ಬಟ್ಟೆಯ ಸವೆತದಲ್ಲಿ ಕಾಣದಿದ್ದರೆ ಮಗುವಿಗೆ ಅದೊಂದು ಬೇಸಿಗೆ ರಜೆಯಷ್ಟೇ ಆದೀತು.

10. ವಸ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿದು ಬರೆಯಿರಿ

ಬಯಲುಸೀಮೆಯ ಮಗು ಎರಡು ಕೂವೆಯ ಹಾಯಿಹಡಗನ್ನಾಗಲಿ, ಹಿಮದ ರಾಶಿಯನ್ನಾಗಲಿ, ಅಗ್ಗಿಷ್ಟಿಕೆಯನ್ನಾಗಲಿ ಕಂಡಿರುವುದಿಲ್ಲ. ಅಡಿಟಿಪ್ಪಣಿ ಹಾಕಿದರೆ ಓದುವುದಿಲ್ಲ. ಚಿತ್ರವೇ ಅಡಿಟಿಪ್ಪಣಿಯಾಗಬೇಕು.

ಅನ್ನಾ ಸೆವೆಲ್ 1877ರಲ್ಲಿ ‘ಬ್ಲ್ಯಾಕ್ ಬ್ಯೂಟಿ’ ಬರೆದದ್ದೇ ಕುದುರೆಗಳ ಮೇಲಿನ ಕ್ರೌರ್ಯ ತೋರಿಸಲು. ಅದರಲ್ಲೂ ಮುಖ್ಯವಾಗಿ ಒಂದು ಲಗಾಮು: ಗಾಡಿಯ ಕುದುರೆ ತಲೆ ತಗ್ಗಿಸದಂತೆ, ಠೀವಿಯಿಂದ ಕತ್ತೆತ್ತಿ ಕಾಣುವಂತೆ ಬಿಗಿದು ಕಟ್ಟುತ್ತಿದ್ದ ಪಟ್ಟಿ. ತಲೆ ತಗ್ಗಿಸಿದರೆ ತಾನೆ ಕುದುರೆ ಮೈಭಾರ ಹಾಕಿ ಏರು ಎಳೆಯುವುದು? ಆ ಪಟ್ಟಿ ಬಿಗಿದರೆ ಉಸಿರು ಕಟ್ಟುತ್ತದೆ, ಬಾಯಿ ಹರಿಯುತ್ತದೆ, ಬೆನ್ನು ನೋಯುತ್ತದೆ. ಸಂಗ್ರಹಗಳಲ್ಲಿ ಈ ವಿವರಣೆ ಎರಡು ವಾಕ್ಯಕ್ಕೆ ಇಳಿದಿರುತ್ತದೆ. ಹಾಗಿರುವಾಗ ಚಿತ್ರಕಾರರು ಲಗಾಮು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಎರಡು ಗೆರೆ ಎಳೆದುಬಿಟ್ಟರೆ ಪುಸ್ತಕದ ಪ್ರಾಣವೇ ಹೋಯಿತು. ಒಂದು ಚಿತ್ರದಲ್ಲಿ ಪಟ್ಟಿ ಬಿಗಿದಿರಲಿ, ಇನ್ನೊಂದರಲ್ಲಿ ಸಡಿಲವಾಗಿರಲಿ. ಒಂದೇ ಏರು, ಒಂದೇ ಕುದುರೆ. ಕುತ್ತಿಗೆಯ ಎರಡು ಭಂಗಿಗಳನ್ನು ನೋಡಿದ ಮಗುವಿಗೆ ಎಲ್ಲವೂ ತಿಳಿಯುತ್ತದೆ. ಕಥೆ ಹೇಳುವುದು ಕುದುರೆಯೇ ಆದ್ದರಿಂದ ನೋಟವೂ ಆಗಾಗ ಅದರ ಕಣ್ಣಿನ ಎತ್ತರದಿಂದ ಇರಲಿ.

11. ನಮ್ಮ ನೆಲ ಬಂದಾಗ ಹಿಂಜರಿಯಬೇಡಿ

ವರ್ನ್ ಎಂದೂ ಭಾರತಕ್ಕೆ ಬಂದವನಲ್ಲ. ಫಾಗ್‌ನ ಪಯಣ ಮುಂಬೈಯಿಂದ ಅಲಹಾಬಾದಿನ ಕಡೆ ಸಾಗುವ ಅಧ್ಯಾಯಗಳನ್ನು ಅವನು ಪುಸ್ತಕ, ನಕ್ಷೆಗಳಿಂದ ಕಟ್ಟಿದ. ರೈಲುದಾರಿ ಮುಗಿದ ಕಡೆ ಫಾಗ್ ಎರಡು ಸಾವಿರ ಪೌಂಡ್ ಕೊಟ್ಟು ಆನೆ ಕೊಳ್ಳುತ್ತಾನೆ. ದುಬಾರೆಯಲ್ಲೋ ಸಕ್ಕರೆಬೈಲಿನಲ್ಲೋ ಆನೆ ಮೊಣಕಾಲೂರಿ ಮಾವುತನನ್ನು ಹತ್ತಿಸಿಕೊಳ್ಳುವುದನ್ನು ಕಂಡ ಕನ್ನಡದ ಚಿತ್ರಕಾರರು ಈ ಪುಟವನ್ನು ಯಾವ ಯುರೋಪಿನ ಕಲಾವಿದರಿಗಿಂತ ಚೆನ್ನಾಗಿ ಬರೆಯಬಲ್ಲರು. ಬೀಸಣಿಗೆಯಂಥ ದೊಡ್ಡ ಕಿವಿಯ ಆಫ್ರಿಕದ ಆನೆಯನ್ನು ಇಂಟರ್‌ನೆಟ್‌ನಿಂದ ತಂದು ಹಾಕಿದರೆ ನಮ್ಮ ಮಕ್ಕಳೇ ಹಿಡಿಯುತ್ತಾರೆ.

ಕಿಪ್ಲಿಂಗ್‌ನ ‘ಜಂಗಲ್ ಬುಕ್’ ಕಾದಂಬರಿಯಲ್ಲದಿದ್ದರೂ ಸಂಗ್ರಹಮಾಲೆಗಳಲ್ಲಿ ತಪ್ಪದೆ ಬರುತ್ತದೆ. 1894ರ ಮೊದಲ ಆವೃತ್ತಿಗೆ ಚಿತ್ರ ಬರೆದವರಲ್ಲಿ ಅವನ ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಒಬ್ಬರು. ಮುಂಬೈ, ಲಾಹೋರ್‌ಗಳ ಕಲಾಶಾಲೆಯಲ್ಲಿ ಪಾಠ ಹೇಳಿದ್ದವರು. ಕಥೆ ನಡೆಯುವ ಸಿವನಿ ಮಧ್ಯಪ್ರದೇಶದಲ್ಲಿದೆ. ಬಾಲೂ ಬೇರು, ಕಾಯಿ, ಜೇನು ತಿನ್ನುವ ಕರಡಿ. ದರೋಜಿಯ ಕರಡಿಧಾಮಕ್ಕೆ ಹೋಗಿ ಕೂತರೆ ಅದರ ಬಂಧುಗಳ ಉದ್ದ ಉಗುರು, ಮಾಸಲು ಮೂತಿ, ಎದೆಯ ಬಿಳಿ ಗುರುತು ಕಣ್ಣೆದುರೇ ಸಿಗುತ್ತವೆ. ಬಘೀರನ ಕುಲದ ಕರಿಚಿರತೆ ಕಬಿನಿಯಲ್ಲಿದೆ. ಹೆಬ್ಬಾವು ಕಾ ಮೂಲದಲ್ಲಿ ಮೌಗ್ಲಿಯನ್ನು ಕೋತಿಗಳಿಂದ ಬಿಡಿಸುವ ಮಿತ್ರ. ಅವನನ್ನು ಖಳನಾಗಿಸಿದ್ದು 1967ರ ಕಾರ್ಟೂನ್ ಸಿನಿಮಾ.

12. ಹಳೆಯ ಅವಮಾನಗಳನ್ನು ಮತ್ತೆ ಅಚ್ಚು ಹಾಕಬೇಡಿ

ಕ್ರೂಸೋನ ಪಾದವನ್ನು ಅವನ ಆಳು ಫ್ರೈಡೇ ತನ್ನ ತಲೆಯ ಮೇಲಿಟ್ಟುಕೊಳ್ಳುವ ಚಿತ್ರ ಶತಮಾನಗಳಿಂದ ಅಚ್ಚಾಗುತ್ತ ಬಂದಿದೆ. ಪ್ರಸಂಗ ಕಾದಂಬರಿಯಲ್ಲಿದೆ ನಿಜ. ಆದರೆ ಅದೇ ಕಾದಂಬರಿಯಲ್ಲಿ ಇನ್ನೊಂದು ಪ್ರಸಂಗವೂ ಇದೆ. ಸೆರೆಯಾಳೊಬ್ಬ ದೋಣಿಯ ತಳದಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿರುತ್ತಾನೆ. ಫ್ರೈಡೇ ಬಗ್ಗಿ ನೋಡಿದರೆ ತನ್ನ ತಂದೆ! ಅಪ್ಪಿಕೊಳ್ಳುತ್ತಾನೆ, ಅಳುತ್ತಾನೆ, ನಗುತ್ತಾನೆ, ಕುಣಿಯುತ್ತಾನೆ, ಮರಗಟ್ಟಿದ ಕೈಕಾಲು ತಿಕ್ಕುತ್ತಾನೆ. ಆ ಪುಟಗಳಲ್ಲಿ ಅವನು ಯಾರ ಆಳೂ ಅಲ್ಲ, ಒಬ್ಬ ಮಗ. ಸಂಗ್ರಹ ಮಾಡುವವರು ಇದನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆ. ಹನ್ನೆರಡು ಚಿತ್ರಗಳಲ್ಲಿ ಫ್ರೈಡೇಗೆ ಒಂದೇ ಜಾಗವಿದ್ದರೆ, ಅದನ್ನು ಇದಕ್ಕೇ ಕೊಡಿ. ಆ ನಾಲ್ಕು ಸಾಲನ್ನು ಪಠ್ಯದಲ್ಲಿ ಮತ್ತೆ ಸೇರಿಸಿ ಎಂದು ಸಂಪಾದಕರಲ್ಲಿ ಕೇಳಿಕೊಳ್ಳಿ. ಒಳ್ಳೆಯ ಸಂಪಾದಕರು ಒಪ್ಪುತ್ತಾರೆ.

ಕಪ್ಪು ಜನರ, ಯಹೂದಿಗಳ, ಬುಡಕಟ್ಟಿನವರ ಮುಖಗಳನ್ನು ಹಳೆಯ ಚಿತ್ರಗಳಿಂದ ನಕಲು ಮಾಡಲೇಬೇಡಿ. ಜೀವಂತ ಮನುಷ್ಯರ ಮುಖ ನೋಡಿ ಬರೆಯಿರಿ. ಕ್ರುಯಿಕ್‌ಶ್ಯಾಂಕ್ ದೊಡ್ಡ ಕಲಾವಿದ, ಆದರೂ ‘ಆಲಿವರ್ ಟ್ವಿಸ್ಟ್’ನ ಯಹೂದಿ ಫೇಗಿನ್‌ಗೆ ಅವನು ಬರೆದ ಮೂಗು ಇಂದಿನ ಮಗುವಿಗೆ ಬೇಡ.

13. ನಕ್ಷೆಗೆ ಒಂದು ಪುಟ ಕೇಳಿ ಪಡೆಯಿರಿ

1881ರ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಸ್ಟೀವನ್‌ಸನ್ ತನ್ನ ಮಲಮಗನ ಜತೆ ಆಟಕ್ಕೆಂದು ಒಂದು ದ್ವೀಪದ ನಕ್ಷೆ ಬರೆದು ಬಣ್ಣ ಹಾಕಿದ. ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದು ಆ ನಕ್ಷೆಯಿಂದ. ಮುಂದೆ ಪುಸ್ತಕ ಮಾಡುವಾಗ ಕಳಿಸಿದ ಆ ಮೂಲ ನಕ್ಷೆ ಪ್ರಕಾಶಕರಿಗೆ ತಲುಪಲೇ ಇಲ್ಲ. ಕಥೆಯನ್ನು ಓದಿ ಓದಿ ದಿಕ್ಕು, ದೂರ ಹೊಂದಿಸಿ ಮತ್ತೆ ಬರೆಸಬೇಕಾಯಿತು. ಅದರಿಂದ ನಮಗೆ ಎರಡು ಪಾಠ. ಸ್ಥಳ ಮುಖ್ಯವಾದ ಕಥೆಗೆ ನಕ್ಷೆಯೇ ಒಳ್ಳೆಯ ಚಿತ್ರ: ಕ್ರೂಸೋನ ಗುಹೆ, ಬೇಲಿ, ಒಂದೇ ಒಂದು ಹೆಜ್ಜೆ ಗುರುತು ಕಂಡ ದಡ, ಫಾಗ್‌ನ ದಾರಿ. ಹೆಜ್ಜೆ ಗುರುತು ಒಂದೇ, ಸಾಲಲ್ಲ ಎಂಬುದನ್ನು ಮರೆಯಬೇಡಿ. ಎರಡನೆಯದು, ಸ್ಕ್ಯಾನ್ ಮಾಡಿಟ್ಟುಕೊಳ್ಳದೆ ಯಾವ ಮೂಲವನ್ನೂ ಕೈಬಿಡಬೇಡಿ.

14. ಕಾಗದ, ಮಸಿ, ಅಕ್ಷರ

ಮಕ್ಕಳ ಸಂಗ್ರಹಮಾಲೆಗಳು ಅಗ್ಗವಾಗಿರಬೇಕು, ಒಳಪುಟಗಳು ಸಾಮಾನ್ಯವಾಗಿ ತೆಳ್ಳನೆಯ ಮ್ಯಾಪ್‌ಲಿಥೋ ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ಬರುತ್ತವೆ. ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ರಾಕ್‌ವೆಲ್ ಕೆಂಟ್ 1930ರ ‘ಮೋಬಿ ಡಿಕ್’ಗೆ ಬರೆದ 280 ಚಿತ್ರಗಳು ಬರಿಯ ಕಪ್ಪು ಮಸಿಯವು, ಸಮುದ್ರದ ರಾತ್ರಿ, ನಕ್ಷತ್ರ, ತಿಮಿಂಗಿಲದ ಬಿಳುಪು ಯಾವುದಕ್ಕೂ ಅವನಿಗೆ ಬಣ್ಣ ಬೇಕಾಗಲಿಲ್ಲ. ನಮ್ಮಲ್ಲೇ ‘ಚಂದಮಾಮ’ದ ಪುಟಗಳಲ್ಲಿ ಶಂಕರ್, ಚಿತ್ರಾ ಅವರ ಗೆರೆಗಳು ಎಷ್ಟು ತಲೆಮಾರಿನ ಮಕ್ಕಳನ್ನು ಕಾಡಿನೊಳಕ್ಕೆ, ಅರಮನೆಯೊಳಕ್ಕೆ ಕರೆದೊಯ್ದವು!

ಕಸುಬಿನ ಮಾತು ಕೆಲವು. ಮ್ಯಾಪ್‌ಲಿಥೋ ಮಸಿ ಹೀರುತ್ತದೆ, ಒತ್ತೊತ್ತಾದ ಗೆರೆಗಳು ಒಂದಕ್ಕೊಂದು ಸೇರಿ ಕಪ್ಪು ಗುಡ್ಡೆಯಾಗುತ್ತವೆ. ಗೆರೆಗಳ ನಡುವೆ ಗಾಳಿಯಾಡಲಿ. ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು ಇಳಿಸಿ, ಇಳಿಸಿದ್ದನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ನೋಡಿ, ಪರದೆಯ ಮೇಲಲ್ಲ. ಗೆರೆಚಿತ್ರವನ್ನು ಕನಿಷ್ಠ 600 ಡಿಪಿಐಗೆ, ಸಾಧ್ಯವಾದರೆ 1200ಕ್ಕೆ ಸ್ಕ್ಯಾನ್ ಮಾಡಿ. ಬೂದು ಛಾಯೆ ಇರುವುದಕ್ಕೆ 300 ಸಾಕು. ಅಂಚಿಗೆ ಹೋಗುವ ಚಿತ್ರಕ್ಕೆ ಸುತ್ತ 3 ಮಿಲಿಮೀಟರ್ ಹೆಚ್ಚು ಬಿಡಿ. ಬೈಂಡಿಂಗಿನ ಕಡೆ ಮುಖ, ಕೈ ಬರುವಂತೆ ಬರೆಯಬೇಡಿ, ಅಂಟಿನ ಮಡಿಕೆ ನುಂಗಿಬಿಡುತ್ತದೆ. ಪುಟ ತುಂಬ ಗಾಢ ಕಪ್ಪು ಬಳಿದರೆ ಹಿಂಬದಿಯ ಅಕ್ಷರಗಳ ನಡುವೆ ಇಣುಕುತ್ತದೆ.

ಕನ್ನಡಕ್ಕೆ ಒತ್ತಕ್ಷರವಿದೆ, ಕೊಂಬು ದೀರ್ಘಗಳಿವೆ. ಸಾಲುಗಳ ನಡುವೆ ಜಾಗ ಬೇಕು. ಇಂಗ್ಲಿಷ್ ಪುಸ್ತಕದ ವಿನ್ಯಾಸ ನೋಡಿಕೊಂಡು ಚಿತ್ರದ ಪಕ್ಕ ಬಿಟ್ಟ ಜಾಗ ನಮ್ಮ ಲಿಪಿಗೆ ಸಾಲುವುದಿಲ್ಲ. ಚಿತ್ರದೊಳಗಿನ ಬರಹವನ್ನು, ಅಂಗಡಿಯ ಬೋರ್ಡಾಗಲಿ ಪತ್ರವಾಗಲಿ, ಬೇರೆ ಪದರದಲ್ಲಿಡಿ. ಅದೇ ಚಿತ್ರ ನಾಳೆ ತೆಲುಗಿಗೂ ತುಳುವಿಗೂ ಹೋಗಬಹುದು. ಜಿಮ್‌ನ ತಾಯಿ ನಡೆಸುವ ಛತ್ರದ ಹೆಸರು ಅಡ್ಮಿರಲ್ ಬೆನ್‌ಬೋ. ಅಂದಿನ ಇಂಗ್ಲೆಂಡಿನಲ್ಲಿ ಓದು ಬಾರದವರಿಗಾಗಿ ಛತ್ರದ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಹಲಗೆಯ ಮೇಲೆ ನೌಕಾಧಿಪತಿಯ ಮುಖ ಬರೆದರೆ ಅಕ್ಷರವೇ ಬೇಡ.

15. ಹೆಸರು, ಹಣ, ಹಕ್ಕು

ಡಿಕನ್ಸ್, ಡೆಫೋ, ಸ್ಟೀವನ್‌ಸನ್ ಅವರ ಪಠ್ಯ ಎಲ್ಲರ ಸ್ವತ್ತು. ಆದರೆ ಅದೇ ಕಥೆಗೆ ಬೇರೆಯವರು ಬರೆದ ಚಿತ್ರ ಎಲ್ಲರ ಸ್ವತ್ತಾಗಿರಬೇಕಿಲ್ಲ. ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಕರ್ತೃವಿನ ಜೀವಿತಾವಧಿ, ಆಮೇಲೆ 60 ವರ್ಷ. ‘ದ ವಿಂಡ್ ಇನ್ ದ ವಿಲೋಸ್’ ಬರೆದ ಕೆನೆತ್ ಗ್ರಹಾಂ ತೀರಿಕೊಂಡದ್ದು 1932ರಲ್ಲಿ, ಪಠ್ಯ ಮುಕ್ತ. ಅದಕ್ಕೆ ಪ್ರಸಿದ್ಧ ಚಿತ್ರ ಬರೆದ ಇ. ಎಚ್. ಶೆಪರ್ಡ್ ತೀರಿಕೊಂಡದ್ದು 1976ರಲ್ಲಿ. ಅವನ ಚಿತ್ರಗಳು ಇಲ್ಲಿ 2036ರ ಕೊನೆಯವರೆಗೆ ರಕ್ಷಿತ. ಆ ಇಲಿ, ಆ ಕಪ್ಪೆಯನ್ನು ಎದುರಿಗಿಟ್ಟುಕೊಂಡು ಬರೆಯಬೇಡಿ.

ನಿಮ್ಮ ಹಕ್ಕನ್ನೂ ಕಾಪಾಡಿಕೊಳ್ಳಿ. ಬಾಯಿಮಾತಿಗೆ ಕೆಲಸ ಶುರು ಮಾಡಬೇಡಿ. ಎಷ್ಟು ವರ್ಷಕ್ಕೆ, ಯಾವ ಭಾಷೆಗಳಿಗೆ, ಇ-ಪುಸ್ತಕಕ್ಕೂ ಸೇರಿಯೋ ಇಲ್ಲವೋ ಎಲ್ಲವೂ ಲಿಖಿತವಾಗಿರಲಿ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಾಗಿಲ್ಲದಿದ್ದರೆ 1957ರ ಕಾಯ್ದೆ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಾಗಿಲ್ಲದಿದ್ದರೆ ಭಾರತಕ್ಕೆ ಸೀಮಿತವೆಂದೂ ತಿಳಿಯುತ್ತದೆ. ಮರುಮುದ್ರಣಕ್ಕೆ ಬೇರೆ ಸಂಭಾವನೆ ಕೇಳಲು ಸಂಕೋಚ ಬೇಡ. ಇಂಥ ಪುಸ್ತಕಗಳು ಹತ್ತಾರು ವರ್ಷ ಅಚ್ಚಾಗುತ್ತಲೇ ಇರುತ್ತವೆ. ಹೆಸರಿನ ವಿಷಯವನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ. ರ‍್ಯಾಂಡಮ್ ಹೌಸ್ 1930ರಲ್ಲಿ ಕೆಂಟ್‌ನ ‘ಮೋಬಿ ಡಿಕ್’ ಹೊರತಂದಾಗ ಮುಖಪುಟದಲ್ಲಿ ಕೆಂಟ್‌ನ ಹೆಸರಿತ್ತು, ಮೆಲ್ವಿಲ್‌ನ ಹೆಸರೇ ಇರಲಿಲ್ಲ. ನಮ್ಮಲ್ಲಿ ಇದರ ತದ್ವಿರುದ್ಧ: ಸಂಗ್ರಹ ಮಾಡಿದವರ ಹೆಸರು ಮುಖಪುಟದಲ್ಲಿ, ಚಿತ್ರ ಬರೆದವರದು ಒಳಗೆ ಹಕ್ಕುಗಳ ಪುಟದಲ್ಲಿ ಸಣ್ಣ ಅಕ್ಷರದಲ್ಲಿ. ಅರ್ಧ ಪಠ್ಯ ನಿಮ್ಮದಾದ ಮೇಲೆ ಮೂರೂ ಹೆಸರು, ಮೂಲ ಲೇಖಕರದು, ಸಂಗ್ರಹಕಾರರದು, ನಿಮ್ಮದು, ಮುಖಪುಟದಲ್ಲೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಿ. ಮೂಲಚಿತ್ರಗಳನ್ನು ಮರಳಿ ಕೊಡುವ ದಿನಾಂಕವನ್ನೂ ಅದರ ಕೆಳಗೇ ಸೇರಿಸಿ.